ಶಿವದೇವಿಯ ಡ್ರಮ್ಮಿಗೆ ಮೆತ್ತಿದ ಕ್ರೀಮು

ಶಿವದೇವಿಗೆ ಹೇಸಿಕೆ ಅನ್ನುವುದು ಸಣ್ಣಂದಿನಿಂದಲೂ ಉಳಿದವರಿಗಿಂತ ಒಂದು ಕೈ ಹೆಚ್ಚು. ಇನ್ನೊಬ್ಬರು ಕಚ್ಚಿ ಕುಡಿದ ಲೋಟ ಮುಟ್ಟುತ್ತಿರಲಿಲ್ಲ. ಮದುವೆ ಊಟದಲ್ಲಿ ಪಕ್ಕದವರು ಸೊರ್ ಎಂದು ಸಾರು ಎಳೆದರೆ ಇವಳ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ನಾಗೋಲು ಸೇತುವೆ ಮೇಲೆ ಬಸ್ಸು ಹೋಗುವಾಗ ಕೆಳಗೆ ಮೂಸಿ ನದಿ ಬಿಳಿ ನೊರೆ ಹೊತ್ತು, ಕೊಳೆತು ನಾರುತ್ತಾ ಹರಿಯುತ್ತಿರುತ್ತದಲ್ಲ, ಉಳಿದವರೆಲ್ಲ ಮಾತಾಡುತ್ತಲೇ ಕೂತಿದ್ದರೆ ಇವಳು ಮೂಗು ಮುಚ್ಚಿಕೊಂಡು ಕಿಟಕಿ ಸರಳಿಗೆ ಹಣೆ ಒತ್ತಿ ಆಚೆ ದಡಕ್ಕೆ ಕಾಯುತ್ತಿದ್ದಳು. ಇಷ್ಟು ಹೇಸುವ ಹುಡುಗಿ ಮುಂದೆ ಜನರ ಬೆವರು, ಎಂಜಲು, ಕುಡಿತದ ವಾಸನೆಯ ನಡುವೆಯೇ ಕೂತು ಮಾಡಬೇಕಾದ ಕಸುಬನ್ನು ಹಿಡಿದಳು. ಡ್ರಮ್ಸ್ ಬಾರಿಸುವುದು, ಬಾರಿಸುತ್ತಲೇ ಹಾಡುವುದು. ಅದೂ ಫಂಕ್ ಎಂಬ, ಹೈದರಾಬಾದಿನಲ್ಲಿ ನೂರರಲ್ಲಿ ಒಬ್ಬರಿಗೂ ಹೆಸರು ಗೊತ್ತಿಲ್ಲದ ಸಂಗೀತ.

ಅವಳ ಅಪ್ಪ ಸೂಗಪ್ಪ ಯಾದಗಿರಿ ಸೀಮೆಯವನು. ಉಪ್ಪಲ್‌ನ ಕಾರ್ಖಾನೆಯೊಂದರಲ್ಲಿ ಲೇಥ್ ಮಿಷನ್ ಮೇಲೆ ಕೆಲಸ. ಮಾತು ಕಡಿಮೆ. ಅವ್ವ ಉಮಾಬಾಯಿ ಆ ಕೊರತೆಯನ್ನು ಧಾರಾಳವಾಗಿ ತುಂಬಿಕೊಡುತ್ತಿದ್ದಳು. ಅವರ ಎರಡು ಕೋಣೆಯ ಮನೆಯ ಎದುರಿಗೇ ಒಂದು ಫಂಕ್ಷನ್ ಹಾಲು. ಮದುವೆ ಸೀಸನ್ನಿನಲ್ಲಿ ಹಳೇ ಊರಿನ ಬಾರ್ಕಸ್ ಕಡೆಯಿಂದ ಮರ್ಫಾ ಎಂಬ ವಾದ್ಯಮೇಳದವರು ಬರುತ್ತಿದ್ದರು. ಕೊರಳಿಗೆ ವಾದ್ಯ ನೇತುಹಾಕಿಕೊಂಡು, ತೆಳ್ಳನೆಯ ಕೋಲುಗಳಿಂದ ಅವರು ಬಾರಿಸತೊಡಗಿದರೆ ವರನ ಕುದುರೆ ಕೂಡ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಶಿವದೇವಿ ಬಾಲ್ಕನಿಯ ಕಂಬಿ ಹಿಡಿದು ನೋಡುತ್ತಿದ್ದಳು. ಹಾಲಿನ ಹಿಂಬದಿಯಲ್ಲಿ ಎಂಜಲೆಲೆಗಳ ರಾಶಿ, ಅದರ ಮೇಲೆ ನಾಯಿ, ನೊಣ. ಮುಂದೆ ಮರ್ಫಾ. ಹಿಂದಿನದನ್ನು ನೋಡಿದರೆ ವಾಂತಿ ಬರುತ್ತಿತ್ತು, ಮುಂದಿನದನ್ನು ಕೇಳಿದರೆ ಕಾಲು ನಿಲ್ಲುತ್ತಿರಲಿಲ್ಲ. ಎರಡೂ ಒಂದೇ ಬಾಲ್ಕನಿಯಿಂದ.

ಶಾಲೆಯ ಬ್ಯಾಂಡಿನಲ್ಲಿ ಅವಳಿಗೆ ಸೈಡ್ ಡ್ರಮ್ ಸಿಕ್ಕಿತು. ಅದನ್ನು ಮನೆಗೆ ತಂದ ದಿನ ಉಮಾಬಾಯಿ ಬಾಗಿಲಲ್ಲೇ ತಡೆದಳು.

“ಏನದು? ತೊಗಲು ಬಡಿಯೋದು ನಮ್ಮ ಮನಿತನದ ಕೆಲಸ ಏನ? ನಾಳೆ ಮಂದಿ ಏನಂದಾರು?”

“ಯವ್ವಾ, ಇದು ತೊಗಲಲ್ಲಬೇ, ಪ್ಲಾಸ್ಟಿಕ್. ನಿನ್ನ ಬಕೀಟಿನಂಥಾದ್ದು.”

“ಹಂಗಾರ ಬಕೀಟ ಬಡಿ ಮನ್ಯಾಗ ಕುಂತು. ಇದನ್ನ ಹೊರಗಿಡು.”

ಯಾದಗಿರಿ ಕಡೆಯ ತಮ್ಮ ಊರಿನಲ್ಲಿ ಹಲಗೆ ಬಾರಿಸುವವರನ್ನು ಅಂಗಳದಾಚೆ ನಿಲ್ಲಿಸಿ, ಮೇಲಿನಿಂದ ರೊಟ್ಟಿ ಹಾಕುವುದನ್ನು ಶಿವದೇವಿ ಕಂಡಿದ್ದಳು. ಅವರ ಬಡಿತ ಇಲ್ಲದೆ ಮದುವೆ ಆಗದು, ಹೆಣ ಎತ್ತಲಾಗದು. ಆದರೆ ಅವರ ಕೈ ಮಾತ್ರ ಮೈಲಿಗೆ. ಅವಳು ಹೇಸಿದ ಅಷ್ಟೂ ಸಂಗತಿಗಳಲ್ಲಿ ಈ ಮಡಿಯೇ ಎಲ್ಲಕ್ಕಿಂತ ಹೊಲಸು ಅನ್ನಿಸಿತ್ತು. ಅವ್ವನಿಗೆ ಎದುರಾಡಲಿಲ್ಲ. ಸೈಡ್ ಡ್ರಮ್ಮನ್ನು ಬಾಗಿಲಾಚೆ ಇಟ್ಟಳು. ಒಳಗೆ ಬಂದು ನಿಜವಾಗಿಯೂ ಬಕೀಟು ಬೋರಲು ಹಾಕಿಕೊಂಡು, ಎರಡು ಲಟ್ಟಣಿಗೆಗಳಿಂದ ಬಡಿಯತೊಡಗಿದಳು. ವಾರದೊಳಗೆ ಬಕೀಟು ಸೀಳಿತು. ಆಗ ಸೂಗಪ್ಪ ತನ್ನ ಅಪರೂಪದ ಮಾತುಗಳಲ್ಲಿ ಒಂದನ್ನು ಖರ್ಚು ಮಾಡಿದ: “ಕಲೀಲಿ ಬಿಡು. ನಾ ಕರಕೊಂಡ ಹೋಗ್ತೀನಿ.”

ಕರೆದೊಯ್ದದ್ದು ಸಿಕಂದರಾಬಾದಿನ ರೈಲ್ವೆ ಕ್ವಾರ್ಟರ್ಸಿಗೆ. ಅಲ್ಲೊಬ್ಬರು ಮುದುಕರು ಡ್ರಮ್ಸ್ ಕಲಿಸುತ್ತಿದ್ದರು. ಹಿಂದೆ ಕ್ಲಬ್ಬುಗಳಲ್ಲಿ ಬಾರಿಸಿದವರು. ಅವರ ಪಾಠವೆಲ್ಲ ಒಂದೇ: ಮೊದಲ ಏಟು ನೆಲ ಮುಟ್ಟಬೇಕು, ಉಳಿದದ್ದು ಅದರ ಸುತ್ತ ತೇಲಬೇಕು. ಅವರೇ ಹಳೇ ಕ್ಯಾಸೆಟ್ಟುಗಳನ್ನು ಹಾಕಿ ಫಂಕ್ ಕೇಳಿಸಿದರು. ಆ ಪದಕ್ಕೆ ಮೂಲದಲ್ಲಿ ಮೈನಾತ, ಬೆವರಿನ ವಾಸನೆ ಎಂಬ ಅರ್ಥವಿದೆ ಎಂದೂ ಅವರೇ ಹೇಳಿದರು. ಶಿವದೇವಿ ಮೂಗು ಮುರಿದಳು. ಆದರೆ ಬಾಸ್ ಗಿಟಾರಿನ ದಪ್ಪ ಸ್ವರದೊಳಕ್ಕೆ ಡ್ರಮ್ಮಿನ ಏಟು ಬಂದು ಕೂತ ರೀತಿ ಕೇಳಿದಾಗ, ಬಾಲ್ಕನಿಯಿಂದ ಕೇಳಿದ ಮರ್ಫಾದವರೇ ಎದ್ದು ಬಂದಂತಾಯಿತು. ಅವತ್ತೇ ತೀರ್ಮಾನವಾಯಿತು.

ಬಿ.ಕಾಂ. ಓದುತ್ತಲೇ ಆರ್ಕೆಸ್ಟ್ರಾಗಳಲ್ಲಿ ಬಾರಿಸಿದಳು. ಗಣೇಶನ ಪೆಂಡಾಲು, ಕಾಲನಿಯ ವಾರ್ಷಿಕೋತ್ಸವ, ಯಾರದೋ ಷಷ್ಟಿಪೂರ್ತಿ. ನಿರೂಪಣೆ ಮಾಡುವವನು ಪ್ರತಿ ಸಲವೂ ಅದೇ ಜೋಕು ಹೊಡೆಯುತ್ತಿದ್ದ: “ಹುಡುಗಿ ಇಷ್ಟು ಜೋರಾಗಿ ಬಡೀತಾಳೆ, ಕಟ್ಟಿಕೊಳ್ಳೋನ ಗತಿ ಏನು?” ಜನ ಪ್ರತಿ ಸಲವೂ ನಗುತ್ತಿದ್ದರು. ಒಂದೇ ಹಾಸ್ಯಕ್ಕೆ ಮತ್ತೆ ಮತ್ತೆ ಹೊಟ್ಟೆ ಹಿಡಿದುಕೊಂಡು ನಗುವ ಆ ಮುಖಗಳನ್ನು ಅವಳು ಸಿಂಬಲ್ಲಿನ ಕಂಚಿನ ತಟ್ಟೆಯ ಮರೆಯಿಂದ ನೋಡುತ್ತಿದ್ದಳು. ಬಾಯೊಳಗಿನ ಅರೆ ಅಗಿದ ಪಾನು ಕಾಣುತ್ತಿತ್ತು.

ಓದು ಮುಗಿದ ಮೇಲೆ ಶಂಶಾಬಾದಿನಲ್ಲಿ ಏರ್‌ಪೋರ್ಟಿಗೆ ಸರಕು ಕಳಿಸುವ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು. ಉಪ್ಪಲ್‌ನಿಂದ ದಿನವೂ ಬಸ್ಸು. ಬಸ್ಸೆಂದರೆ ಮೊಣಕೈಗಳು. ಹಿಂದಿನ ಸೀಟಿನ ಸಂದಿಯಿಂದ, ಪಕ್ಕದಿಂದ, ಮೇಲೆ ಸರಳು ಹಿಡಿದ ಕೈಯ ಕೆಳಗಿನಿಂದ, ಆಕಸ್ಮಿಕದ ಸೋಗು ಹಾಕಿಕೊಂಡು ಬರುವ ಮೊಣಕೈಗಳು. ತೆಲುಗಿನಲ್ಲಿ ಹೇಳಿದಳು, ಹಿಂದಿಯಲ್ಲಿ ಹೇಳಿದಳು, ತಡೆಯಲಾರದೆ ಮನೆಮಾತಿನಲ್ಲೂ ಬೈದಳು. ಕೊನೆಗೆ ಆ ಮೂರನ್ನೂ ಸೇರಿಸಿ ಹಾಡು ಕಟ್ಟಿದಳು.

ಜರಗು ಅಣ್ಣಾ ಜರಗು, ಸರಕೋ ಭಾಯ್ ಸರಕೋ,
ಸರಿಯೋ ಯಪ್ಪಾ ಸರಿ, ನಿನ್ನ ಮೊಣಕೈ ನೀ ಇಟ್ಕೋ.

ಈ ಹಾಡಿಗೆ ಬಾಸ್ ಸೇರಿಸಿದವನು ಸೃಜನ್. ಮಂಗಳೂರಿನವನು, ಐಟಿ ಕಂಪನಿಯ ನೌಕರ, ಲಿಂಗಂಪಲ್ಲಿಯಲ್ಲಿ ಬಾಡಿಗೆ ಫ್ಲ್ಯಾಟು. ಯಾವುದೋ ಆರ್ಕೆಸ್ಟ್ರಾದಲ್ಲಿ ಗಿಟಾರಿನವನು ಕೈ ಕೊಟ್ಟಾಗ ಬದಲಿಗೆ ಬಂದಿದ್ದ. ಹಾಡು ಕೇಳಿ, “ಇದರಲ್ಲಿ ಭಾರೀ ಸಿಟ್ಟು ಉಂಟು ಮಾರಾಯ್ತಿ. ಸಿಟ್ಟಿಗೆ ಜಾಗ ಬಿಡಬೇಕು, ತುಂಬಿಸಲಿಕ್ಕೆ ಹೋಗಬಾರದು,” ಅಂದ. ಅವನ ಬೆರಳು ಅವಳು ಕಾಲಲ್ಲಿ ಒದೆಯುವ ಕಿಕ್ ಡ್ರಮ್ಮಿನ ಜೊತೆಗೇ ಇಳಿಯಿತು. ಕೀಬೋರ್ಡಿಗೆ ತರುಣ ಎಂಬುವನು ಸೇರಿದ. ಬ್ಯಾಂಡಿಗೆ ‘ಖಟ್ಟಾ’ ಅಂತ ಹೆಸರಿಟ್ಟರು. ಹುಳಿ ಅಂತ ಅರ್ಥ. ಕಾಫಿ ಅಂಗಡಿಗಳಲ್ಲಿ, ಕಾಲೇಜುಗಳಲ್ಲಿ ಬಾರಿಸಿದರು. ಕೇಳುವವರು ಕಡಿಮೆ. ಕೇಳಿದವರು ಮಾತ್ರ ಮತ್ತೆ ಬರುತ್ತಿದ್ದರು. ಶಿವದೇವಿ ಕೆಲಸ ಬಿಟ್ಟಳು. ಸೂಗಪ್ಪ ಆ ಹೊತ್ತಿಗೆ ತೀರಿಕೊಂಡಿದ್ದ. ಉಮಾಬಾಯಿ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನದಿಂದ ಎರಡು ದಿನದ್ದನ್ನೂ ಸೇರಿಸಿ ಆಡಿದಳು.

ಖಟ್ಟಾಕ್ಕೆ ಕಾರ್ಯಕ್ರಮ ಹಿಡಿದುಕೊಡುತ್ತೇನೆಂದು ಬಂದವನು ಋಷಭ್. ಬೆಂಗಳೂರಿನ ಹುಡುಗ, ಇವೆಂಟ್ ಮ್ಯಾನೇಜರು. ಏನು ಕೇಳಿದರೂ ಮೊದಲು “ಸೂಪರ್” ಅನ್ನುವವನು. ಅವನು ಹಿಡಿದ ಮೊದಲ ದೊಡ್ಡ ಕಾರ್ಯಕ್ರಮ ಶಂಶಾಬಾದಿನ ಹತ್ತಿರದ ಫಾರ್ಮ್‌ಹೌಸಿನಲ್ಲಿ, ಒಬ್ಬ ಬಿಲ್ಡರನ ಮಗನ ಹುಟ್ಟುಹಬ್ಬ. ಸುಡುವ ಮೇ ತಿಂಗಳ ಮಧ್ಯಾಹ್ನ. ಈಜುಕೊಳದಲ್ಲಿ ಅರ್ಧ ಜನ, ದಡದಲ್ಲಿ ಅರ್ಧ ಜನ, ನೀರಿನ ಮೇಲೆ ತೇಲುತ್ತಿದ್ದ ಚಿಪ್ಸು. ಮೂರು ಅಂತಸ್ತಿನ ಕೇಕು ಕತ್ತರಿಸಿದರು. ಯಾರೂ ತಿನ್ನಲಿಲ್ಲ. ಹಿಡಿ ಹಿಡಿಯಾಗಿ ಕಿತ್ತು ಒಬ್ಬರ ಮುಖಕ್ಕೊಬ್ಬರು ಮೆತ್ತಿದರು, ಕಿವಿಯೊಳಗೆ ತುರುಕಿದರು. ಹುಟ್ಟುಹಬ್ಬದ ಹುಡುಗ ಕೇಕಿನ ಕೆಳಗಿನ ಅಂತಸ್ತನ್ನು ಹಾಗೆಯೇ ಎತ್ತಿಕೊಂಡು ಬಂದು ಶಿವದೇವಿಯ ಎದುರಿನ ಸ್ನೇರ್ ಡ್ರಮ್ಮಿನ ಮೇಲೆ ಪಚಕ್ ಎಂದು ಹಾಕಿದ.

ಅವಳು ‘ಮೊಣಕೈ’ ಹಾಡಿನ ನಡುವೆ ಇದ್ದಳು. ಕೈ ನಿಲ್ಲಿಸುವಷ್ಟು ಸಮಯವೇ ಇರಲಿಲ್ಲ, ಮುಂದಿನ ಏಟು ಕೇಕಿನ ಮೇಲೇ ಬಿತ್ತು. ಕ್ರೀಮು ಕಾರಂಜಿಯಂತೆ ಎದ್ದು ಅವಳ ಮುಖಕ್ಕೆ, ಕೂದಲಿಗೆ, ಹಾಡುತ್ತಿದ್ದ ಬಾಯೊಳಕ್ಕೆ ಬಿತ್ತು. ಜನ ಹೋ ಎಂದು ಕೂಗಿದರು. ಇನ್ನೊಂದು ಏಟು, ಇನ್ನೊಂದು ಕಾರಂಜಿ. ಬಾಯೆಲ್ಲ ಸಿಹಿ. ಹಾಡು ಬಿಟ್ಟುಕೊಡಲು ಮನಸ್ಸಿಲ್ಲದೆ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಬಾರಿಸಿದಳು. ಆಮೇಲೆ ದಾಸವಾಳದ ಬೇಲಿಯ ಹಿಂದೆ ಹೋಗಿ ಎಲ್ಲವನ್ನೂ ಕಕ್ಕಿದಳು.

ಯಾರೋ ತೆಗೆದ ವಿಡಿಯೋ ಊರೆಲ್ಲ ಓಡಾಡಿತು. ಏಟಿಗೊಂದರಂತೆ ಕ್ರೀಮು ಏಳುವುದನ್ನು ನಿಧಾನಗತಿಯಲ್ಲಿ ತೋರಿಸಿದ್ದರು. ಹಾಡು ಕೇಳಿಸುತ್ತಲೇ ಇರಲಿಲ್ಲ, ಅದರ ಬದಲು ಬೇರೆ ಯಾವುದೋ ಸಂಗೀತ ಹಾಕಿದ್ದರು. ಋಷಭ್ ಫೋನು ಮಾಡಿದ.

“ಮೇಡಂ, ಸೂಪರ್! ನೀವೀಗ ಕೇಕ್ ಡ್ರಮ್ಮರ್. ಎಲ್ರೂ ಅದನ್ನೇ ಕೇಳ್ತಿದಾರೆ.”

“ಹಾಡು ಕೇಳಾಕತ್ತಾರೇನು?”

“ಮೊದ್ಲು ಕೇಕ್‌ಗೆ ಬರ್ತಾರೆ ಮೇಡಂ. ಆಮೇಲೆ ಹಾಡಿಗೆ ನಿಲ್ತಾರೆ. ಹಾಗೇ ಅಲ್ವಾ ಆಗೋದು?”

ಆ ಮಾತನ್ನು ಅವಳು ನಂಬಿದಳು. ನಂಬಬೇಕೆನ್ನಿಸಿತ್ತು. ಮುಂದಿನ ಕಾರ್ಯಕ್ರಮಕ್ಕೆ ಕೇಕು ಬಂದಾಗ ಸೃಜನ್ ಬಾಸ್ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದ.

“ನಾನು ಬಾಸ್ ಬಾರಿಸಲಿಕ್ಕೆ ಬಂದದ್ದು. ಎಂಜಲು ಬಳಿಯಲಿಕ್ಕೆ ಅಲ್ಲ.”

“ಒಂದಾರು ತಿಂಗಳು ತಡಿಯೋ. ಮಂದಿ ಗುರುತು ಹಿಡೀಲಿ.”

“ಯಾರನ್ನು ಗುರುತು ಹಿಡಿಯುವುದು? ನಿನ್ನ ಮುಖವೇ ಕಾಣುವುದಿಲ್ಲ ಶಿವದೇವಿ.”

ಅವನು ಹೋದ. ಅವನ ಜಾಗಕ್ಕೆ ಋಷಭ್ ಲ್ಯಾಪ್‌ಟಾಪಿನಲ್ಲಿ ತುಂಬಿಸಿಟ್ಟ ಸಂಗೀತ ಬಂತು. ಕೀಬೋರ್ಡಿನ ತರುಣ ಕೆಲವು ದಿನ ಅದರ ಜೊತೆ ಬೆರಳಾಡಿಸಿದ ಹಾಗೆ ನಟಿಸಿ, ನಟನೆಗೂ ಬೇಸತ್ತು ಬಿಟ್ಟ.

ಮುಂದಿನ ಎರಡು ವರ್ಷ ಶಿವದೇವಿ ಬಾರಿಸಿದ್ದು ಕೇಕನ್ನು. ಹುಟ್ಟುಹಬ್ಬಕ್ಕೆ ಕೇಕು, ಮದುವೆಯ ಸಂಗೀತ್ ಸಮಾರಂಭಕ್ಕೆ ಗುಲಾಬ್‌ಜಾಮೂನಿನ ಪಾಕ, ಕಾಲೇಜು ಹಬ್ಬಕ್ಕೆ ಜೆಲ್ಲಿ. ಜನ ಫೋನು ಎತ್ತಿ ಹಿಡಿದು ನಿಲ್ಲುತ್ತಿದ್ದರು, ಕ್ರೀಮು ಹಾರುವುದು ಮುಗಿದದ್ದೇ ಬೆನ್ನು ತಿರುಗಿಸಿ ಊಟದ ಕಡೆ ನಡೆಯುತ್ತಿದ್ದರು. ಹಾಡಿಗೆ ನಿಂತವರು ಯಾರೂ ಇಲ್ಲ. ಡ್ರಮ್ಮಿನ ತಿರುಪುಗಳ ಸಂದಿಯಲ್ಲಿ ಸೇರಿಕೊಂಡ ಕ್ರೀಮು ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಎರಡು ದಿನಕ್ಕೆ ಹುಳಿತು, ಮೂರು ದಿನಕ್ಕೆ ಹಳಸಿದ ಹಾಲಿನ ನಾತ. ಇರುವೆಗಳು ಸಾಲುಗಟ್ಟಿ ಹೋಗುತ್ತಿದ್ದವು. ಒಮ್ಮೆ ಕಿಕ್ ಡ್ರಮ್ಮಿನ ತೂತಿನಿಂದ ಜಿರಲೆ ಹೊರಬಂದು ಅವಳ ಪಾದದ ಮೇಲೆ ಹತ್ತಿತು. ವೆನಿಲಾ ವಾಸನೆ ಬಂದರೆ ಸಾಕು, ಬೇಕರಿ ಇರುವ ಬೀದಿಯನ್ನೇ ಬಿಟ್ಟು ಸುತ್ತಿ ಹೋಗುತ್ತಿದ್ದಳು. ಹಬ್ಬದ ಹೋಳಿಗೆಯನ್ನೂ ಮುಟ್ಟುತ್ತಿರಲಿಲ್ಲ. ಆದರೂ ಋಷಭ್ ಫೋನು ಮಾಡಿದರೆ ಹೂಂ ಅನ್ನುತ್ತಿದ್ದಳು. ಬಂದವರಲ್ಲಿ ಒಬ್ಬರಾದರೂ ಆ ಹಾಡು ಯಾವುದು ಎಂದು ಕೇಳಬಹುದು ಅನ್ನುವ ಆಸೆ ಅವಳನ್ನು ಎಳೆದುಕೊಂಡು ಹೋಗುತ್ತಿತ್ತು. ಆ ಆಸೆಯ ಮೇಲೆಯೇ ಅವಳಿಗೆ ಹೇಸಿಕೆ ಹುಟ್ಟತೊಡಗಿತ್ತು.

ಆಮೇಲೆ ಉಪ್ಪಲ್‌ನಲ್ಲೇ ಒಂದು ಬಿರಿಯಾನಿ ಹೋಟೆಲಿನ ಉದ್ಘಾಟನೆ ಬಂತು. ಋಷಭ್ ಹಿಂದಿನ ದಿನ ಬಂದು ವಿವರಿಸಿದ: ಕಾರ್ಯಕ್ರಮದ ಮೊದಲ ಅರ್ಧಕ್ಕೆ ಕೇಕು, ಎರಡನೇ ಅರ್ಧಕ್ಕೆ ಡ್ರಮ್ಮಿನ ಮೇಲೆ ಒಂದು ಹಂಡೆ ಬಿರಿಯಾನಿ.

“ನಾವು ಲಿಂಗಾಯತ್ರು ಋಷಭ್. ಮಾಂಸದ ತುಂಡು ನನ್ನ ಬಾಯಾಗ ಬೀಳ್ತದ.”

“ಅಯ್ಯೋ ಅಷ್ಟೇ ತಾನೆ? ವೆಜ್ ಬಿರಿಯಾನಿ ಮಾಡ್ಸೋಣ ಮೇಡಂ. ವಿಡಿಯೋದಲ್ಲಿ ಯಾರಿಗೆ ಗೊತ್ತಾಗತ್ತೆ? ಆಮೇಲೆ ಹಾಡಲ್ಲಿ ಒಂದೇ ಒಂದ್ ಸಣ್ಣ ಚೇಂಜು. ‘ನಿನ್ನ ಮೊಣಕೈ ನೀ ಇಟ್ಕೋ’ ಇದ್ಯಲ್ಲ, ಅಲ್ಲಿ ‘ಒಂದ್ ಪ್ಲೇಟ್ ಬಿರಿಯಾನಿ ಇಟ್ಕೋ’.”

ಅವಳು ಆಗಲೇ ಎದ್ದು ಹೋಗು ಅನ್ನಬಹುದಿತ್ತು. “ಆ ಸಾಲು ಬದಲು ಮಾಡಂಗಿಲ್ಲ,” ಅಂದಳು ಅಷ್ಟೆ. ಋಷಭ್ “ಸೂಪರ್” ಅಂದು ಹೋದ.

ಮರುದಿನ ಹೋಟೆಲಿನ ಮುಂದೆ ವೇದಿಕೆ. ಹೊಸ ಪ್ಲೈವುಡ್ಡಿನ ವಾಸನೆ, ಅಡುಗೆಮನೆಯಿಂದ ಮಸಾಲೆಯ ಹಬೆ, ಬಿಸಿಲಿಗೆ ಕರಗಿ ಬೆವರುತ್ತಿದ್ದ ಕೇಕು. ಶಿವದೇವಿ ಬಾರಿಸತೊಡಗಿದಳು. ಲ್ಯಾಪ್‌ಟಾಪಿನ ಸಂಗೀತದೊಳಗೆ ಯಾರೋ ಹಾಡಿದ ಬಿರಿಯಾನಿ ಸಾಲು ಮೊದಲೇ ಸೇರಿಕೊಂಡಿತ್ತು. ಅವಳು ‘ಮೊಣಕೈ’ ಅನ್ನುತ್ತಿದ್ದರೆ ಸ್ಪೀಕರುಗಳು ‘ಬಿರಿಯಾನಿ’ ಅನ್ನುತ್ತಿದ್ದವು. ಅವಳ ದನಿಗಿಂತ ಸ್ಪೀಕರೇ ಜೋರು. ಮುಖದ ಮೇಲೆ ಕ್ರೀಮು ಇಳಿಯುತ್ತಿತ್ತು.

ಆಗ ಹೋಟೆಲಿನ ಪಾಲುದಾರನೊಬ್ಬ ಮೈಕು ಹಿಡಿದು ವೇದಿಕೆ ಹತ್ತಿದ. ಬಿಳಿ ಅಂಗಿ, ಬೆರಳಿಗೊಂದು ಉಂಗುರ, ಐವತ್ತರ ವಯಸ್ಸು. ಕ್ಯಾಮೆರಾದ ಕಡೆ ನಕ್ಕ. ಶಿವದೇವಿಯ ಪಕ್ಕಕ್ಕೆ ಬಗ್ಗಿ, ಅವಳ ಕೆನ್ನೆಯ ಮೇಲಿನ ಕ್ರೀಮನ್ನು ತೋರುಬೆರಳಿನಿಂದ ನಿಧಾನವಾಗಿ ಬಳಿದು, ಬಾಯಿಗಿಟ್ಟು ಚೀಪಿದ. “ಟೇಸ್ಟ್ ಬಾಗುಂದಿ,” ಅಂದ, ರುಚಿ ಚೆನ್ನಾಗಿದೆ ಅಂತ. ಜನ ಶಿಳ್ಳೆ ಹಾಕಿದರು.

ಶಿವದೇವಿ ಬಾರಿಸುವುದನ್ನು ನಿಲ್ಲಿಸಿದಳು. ಲ್ಯಾಪ್‌ಟಾಪು ಮಾತ್ರ ಬಿರಿಯಾನಿ ಬಿರಿಯಾನಿ ಎಂದು ಹಾಡುತ್ತಲೇ ಇತ್ತು. ಕೈಯಲ್ಲಿದ್ದ ಕೋಲನ್ನು ಅವನ ಎದೆಗೆ ಅಡ್ಡ ಇಟ್ಟು ಹಿಂದಕ್ಕೆ ತಳ್ಳಿದಳು. ಬಿಳಿ ಅಂಗಿಯ ಮೇಲೆ ಕ್ರೀಮಿನ ಗೆರೆ ಮೂಡಿತು. ಅವನು ಅದನ್ನೂ ಹಾಸ್ಯವೆಂದೇ ತಿಳಿದು ಎರಡೂ ಕೈ ಎತ್ತಿ ಸೋತವನಂತೆ ನಟಿಸಿದ. ಜನ ಇನ್ನೂ ನಕ್ಕರು. ಅವಳು ವೇದಿಕೆ ಇಳಿದು, ಹೋಟೆಲಿನ ಒಳಗೆ ಹೋಗಿ, ಕೈ ತೊಳೆಯುವ ಬೇಸಿನ್ನಿನಲ್ಲಿ ಮುಖ ತೊಳೆದಳು. ಸೋಪು ಹಚ್ಚಿದಳು, ತೊಳೆದಳು, ಮತ್ತೆ ಹಚ್ಚಿದಳು. ಅವನ ಬೆರಳು ಹೋದ ದಾರಿ ಕೆನ್ನೆಯ ಮೇಲೆ ಹಾಗೇ ಇತ್ತು.

ಋಷಭ್ ಬಾಗಿಲಲ್ಲಿ ನಿಂತಿದ್ದ. “ಮೇಡಂ, ಅವರು ಮೇನ್ ಸ್ಪಾನ್ಸರ್. ತಮಾಷೆ ಮಾಡಿದ್ರು ಅಷ್ಟೆ. ಬಿರಿಯಾನಿ ರೆಡಿ ಇದೆ, ಹತ್ತು ನಿಮಿಷ…”

“ನಿನ್ನ ಮಾರಿ ಮ್ಯಾಲಿಂದ ಬಳದು ನೆಕ್ಕಿದ್ರ ತಮಾಷೆ ಅಂತಿದ್ದೇನು?”

“ನನ್ನ ಮುಖ ಯಾರು ನೋಡ್ತಾರೆ ಮೇಡಂ? ಒಳ್ಳೇ ಕಂಟೆಂಟು ಅದು, ನೋಡಿ ಬೇಕಾದ್ರೆ ನಾಳೆ.”

ಅವಳು ಅವನನ್ನೇ ನೋಡಿದಳು. ಕೆಟ್ಟವನಂತೆ ಕಾಣುತ್ತಿರಲಿಲ್ಲ. ಸ್ನಾನ ಮಾಡಿದ, ಇಸ್ತ್ರಿ ಅಂಗಿಯ, ಎಲ್ಲರಿಗೂ ಒಳ್ಳೆಯದಾಗಲಿ ಅನ್ನುವ ಮುಖ. ಅದೇ ಅವಳಿಗೆ ತಡೆಯಲಾಗಲಿಲ್ಲ. ಹೊರಗೆ ಬಂದು ಡ್ರಮ್ಮುಗಳನ್ನು ಒಂದೊಂದಾಗಿ ಬಿಚ್ಚಿ, ಕ್ರೀಮಿನ ಸಮೇತ ಆಟೋ ಟ್ರಾಲಿಗೆ ಹೇರಿಕೊಂಡು ಮನೆಗೆ ಹೋದಳು.

ಅವನು ಹೇಳಿದ್ದು ನಿಜವೇ ಆಯಿತು. ಮರುದಿನ ಆ ಗಳಿಗೆಯ ವಿಡಿಯೋ ಎಲ್ಲ ಕಡೆ. ಕೆಂಪು ಹೃದಯಗಳು ತೇಲುತ್ತಿದ್ದವು. ಕೆಳಗೆ ಮಾತುಗಳು: ಅವಳಿಗೂ ಇಷ್ಟವೇ ಇರಬೇಕು, ಇಲ್ಲದಿದ್ದರೆ ಯಾಕೆ ಮೆತ್ತಿಕೊಂಡು ಕೂರುತ್ತಾಳೆ. ಬ್ಯಾಂಡು ಬಿಟ್ಟು ಹೋದಮೇಲೆ ಮೊದಲ ಸಲ ಸೃಜನ್ ಫೋನು ಮಾಡಿ, “ಕಂಪ್ಲೇಂಟ್ ಕೊಡುವ, ನಾನು ಬರ್ತೇನೆ,” ಅಂದ. ಹೋದರು, ಕೊಟ್ಟರು. ಪೊಲೀಸರು ಆ ಪಾಲುದಾರನನ್ನು ಕರೆಸಿದರು. ಅವನು ಕೈ ಮುಗಿದು “ಸಾರಿ ಸಿಸ್ಟರ್” ಅಂದ. ವೇದಿಕೆಯ ಮೇಲೆ ನಕ್ಕಿದ್ದ ನಗುವೇ ಮುಖದ ಮೇಲಿತ್ತು. ಸಿಸ್ಟರ್ ಅನ್ನುವ ಪದವನ್ನೂ ಅವನು ಚೀಪಿದ ಹಾಗೇ ಅವಳಿಗೆ ಕೇಳಿಸಿತು. ವಿಡಿಯೋವನ್ನೇನೋ ತೆಗೆಸಿದರು. ಅಷ್ಟು ಹೊತ್ತಿಗೆ ನೋಡಬೇಕಾದವರೆಲ್ಲ ನೋಡಿಯಾಗಿತ್ತು.

ಉಮಾಬಾಯಿಯೂ ನೋಡಿದ್ದಳು. ಪಕ್ಕದ ಮನೆಯವರು ತೋರಿಸಿದ್ದರು. ಶಿವದೇವಿ ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಕೂತಿದ್ದಳು. ಅವ್ವ ಬಚ್ಚಲಿನ ಮುಂದೆ ಬಿದ್ದಿದ್ದ ಡ್ರಮ್ಮುಗಳ ಹತ್ತಿರ ಹೋಗಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತಳು. ಒಳಗಿನಿಂದ ಒಂದು ಮುಷ್ಟಿ ಹುಣಿಸೆಹಣ್ಣು ನೆನೆಸಿ ತಂದಳು. ಕುಕ್ಕರುಗಾಲಲ್ಲಿ ಕೂತು ಸಿಂಬಲ್ಲನ್ನು ತೊಡೆಯ ಮೇಲೆ ಎಳೆದುಕೊಂಡು, ಪೂಜೆಯ ತಂಬಿಗೆ ತಿಕ್ಕುವ ಹಾಗೆ ತಿಕ್ಕತೊಡಗಿದಳು.

“ಯವ್ವಾ, ಬ್ಯಾಡ ಬಿಡು. ನಾ ಮಾಡ್ತೀನಿ.”

“ನೀ ಸುಮ್ಮಕುಂಡ್ರು. ಹೊಲಸು ನಾರಾಕತ್ತೈತಿ. ಮನಿಷಾರು ಮುಟ್ಟೂ ಸಾಮಾನ ಹಿಂಗ ಇಡ್ತಾರೇನು?” ತಿಕ್ಕುತ್ತಲೇ ಕೇಳಿದಳು, “ಆ ಭಾಡ್ಯಾನ ಎದಿಗೆ ಕೋಲು ಹಚ್ಚಿದೆಲ್ಲ, ತೆಲಿಗ್ಯಾಕ ಹಚ್ಚಲಿಲ್ಲ?”

ಶಿವದೇವಿ ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಇಬ್ಬರೂ ಕೂತು ಇಡೀ ಮಧ್ಯಾಹ್ನ ತಿಕ್ಕಿದರು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿರುಪಿನ ಸಂದಿಗಳನ್ನು ಕೆರೆದರು. ಸತ್ತ ಇರುವೆಗಳು, ಕಪ್ಪಗಾದ ಅಂಟು, ಒಂದು ಒಣಗಿದ ಚೆರ್ರಿ ಹಣ್ಣು. ಉಮಾಬಾಯಿ ಪ್ರತಿಯೊಂದಕ್ಕೂ ಥೂ ಅನ್ನುತ್ತಾ, ಪ್ರತಿಯೊಂದನ್ನೂ ತನ್ನ ಉಗುರಿನಿಂದಲೇ ತೆಗೆದಳು. ಡ್ರಮ್ಮಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಗಳನ್ನಂತೂ ಉಳಿಸಲಾಗಲಿಲ್ಲ. ಬಿಸಾಡಿ ಹೊಸದು ಹಾಕಿಸಬೇಕಾಯಿತು.

ಋಷಭ್‌ಗೆ ತೊಂದರೆಯೇನೂ ಆಗಲಿಲ್ಲ. ಮೈಸೂರಿನಿಂದ ಬಂದು ಉಪ್ಪಲ್‌ನ ಐಟಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ನಿಖಿತಾ ಎಂಬ ಹುಡುಗಿಯನ್ನು ಹಿಡಿದ. ಅವಳೂ ಡ್ರಮ್ಮರ್. ಮುಂದಿನ ವಾರದಿಂದಲೇ ಕೇಕು ಅವಳ ಮೇಲೆ ಹಾರತೊಡಗಿತು. ಕ್ರೀಮಿನ ಕೆಳಗಿನ ಮುಖ ಬದಲಾದದ್ದು ನೋಡುವವರಿಗೆ ಗೊತ್ತೇ ಆಗಲಿಲ್ಲ.

ಶಿವದೇವಿ ಮತ್ತು ಸೃಜನ್ ಲಿಂಗಂಪಲ್ಲಿಯ ಅವನ ಫ್ಲ್ಯಾಟಿನಲ್ಲಿ, ಕಿಟಕಿಗೆ ಹಾಸಿಗೆ ಒರಗಿಸಿ ರೈಲಿನ ಸದ್ದು ತಡೆದು, ‘ಮೊಣಕೈ’ಯನ್ನು ಇದ್ದ ಹಾಗೆಯೇ ರೆಕಾರ್ಡ್ ಮಾಡಿದರು. ಇಂಟರ್‌ನೆಟ್ಟಿಗೆ ಹಾಕಿದ ಮೊದಲ ದಿನ ಬಂದ ಪ್ರಶ್ನೆ ಒಂದೇ: ಕೇಕ್ ಎಲ್ಲಿ? ಆಮೇಲೆ ಅದೂ ನಿಂತಿತು. ತಿಂಗಳುಗಟ್ಟಲೆ ಏನೂ ಇಲ್ಲ. ಮತ್ತೆ ಯಾವಾಗಲೋ, ಯಾಕೆಂದು ಇಬ್ಬರಿಗೂ ತಿಳಿಯದ ಹಾಗೆ, ಕಾಲೇಜು ಹುಡುಗಿಯರು ಅದನ್ನು ಬಸ್ಸಿನಲ್ಲಿ ಜೋರಾಗಿ ಹಾಕತೊಡಗಿದರಂತೆ. ಹಾಕಿದರೆ ಪಕ್ಕದವನು ಸರಿಯುತ್ತಾನಂತೆ. ಇದನ್ನು ಹೇಳಿದವಳು ನಿಖಿತಾ.

ನಿಖಿತಾ ಒಂದು ಭಾನುವಾರ ಹೇಳದೆ ಕೇಳದೆ ಉಪ್ಪಲ್‌ನ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, “ಅಕ್ಕಾ, ಒಂದು ವಿಷಯ ಕೇಳ್ಬೇಕಿತ್ತು,” ಅಂದಳು. ಕೂದಲಿನಿಂದ ವೆನಿಲಾ ವಾಸನೆ ಬರುತ್ತಿತ್ತು. ಶಿವದೇವಿ ತನಗೇ ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಳು. ಹುಡುಗಿಯ ಮುಖ ಸಣ್ಣಗಾಯಿತು.

“ವಾಸನೆ ಬರ್ತಿದೆ ಅಲ್ವಾ? ಆಫೀಸಲ್ಲೂ ಎಲ್ರೂ ಅಂತಾರೆ. ಬಿಡ್ಬೇಕು ಅಂತಿದೀನಿ ಅಕ್ಕಾ. ಆದ್ರೆ ಬಿಟ್ರೆ ಡ್ರಮ್ಸ್ ನುಡಿಸೋಕೆ ಬೇರೆ ಎಲ್ಲಿ ಕರೀತಾರೆ ನನ್ನ?”

ಶಿವದೇವಿ ಬಾಗಿಲು ಪೂರ್ತಿ ತೆರೆದಳು. “ಮೊದಲು ಒಳಗ ಬಾ. ತೆಲಿ ತೊಳ್ಕೋ. ಆಮ್ಯಾಲೆ ಏನು ಬರ್ತದ ಬಾರಿಸಿ ತೋರ್ಸು.”

ಹುಡುಗಿಯ ಕೈ ಚೆನ್ನಾಗಿತ್ತು. ಮೊದಲ ಏಟು ಮಾತ್ರ ನೆಲ ಮುಟ್ಟುತ್ತಿರಲಿಲ್ಲ. ಅದನ್ನು ಸರಿಪಡಿಸಲು ಕೆಲವು ತಿಂಗಳು ಹಿಡಿಯಿತು.

ಈಗ ಖಟ್ಟಾ ಮತ್ತೆ ಇದೆ. ಉಪ್ಪಲ್‌ನಲ್ಲಿ ಟೈರ್ ಅಂಗಡಿಯ ಮೇಲಿನ ಒಂದು ಹಾಲಿನಲ್ಲಿ ಶನಿವಾರ ಸಂಜೆ ಬಾರಿಸುತ್ತಾರೆ. ಕೆಳಗಿನ ರಬ್ಬರು ವಾಸನೆ ಮೇಲಕ್ಕೂ ಬರುತ್ತದೆ. ಫ್ಯಾನು ಕೆಲಸ ಮಾಡುವುದಿಲ್ಲ. ಪಾಯಖಾನೆಯ ಸ್ಥಿತಿ ಹೇಳುವ ಹಾಗಿಲ್ಲ, ಶಿವದೇವಿ ಮನೆಯಿಂದ ಹೊರಡುವ ಮೊದಲೇ ನೀರು ಕುಡಿಯುವುದು ನಿಲ್ಲಿಸುತ್ತಾಳೆ. ಕಾರ್ಯಕ್ರಮದ ನಡುವೆ ಸೆಲ್ಫಿಗೆ ಬರುವವರನ್ನು ಈಗಲೂ ಅವಳಿಗೆ ಕಂಡರಾಗದು. ಫ್ಯಾನಿಗೂ ಪಾಯಖಾನೆಗೂ ಜಾಗದ ಮಾಲೀಕನ ಹತ್ತಿರ ಪ್ರತಿ ವಾರ ಜಗಳ ಕಾಯುತ್ತಾಳೆ. ಜನ ಬರುತ್ತಾರೆ. ಹೆಚ್ಚಿನವರು ಹುಡುಗಿಯರು. ಕೈಕಟ್ಟಿ ನಿಂತು ಕೇಳುತ್ತಾರೆ, ಎರಡನೇ ಹಾಡಿಗೆ ಕಟ್ಟಿದ ಕೈ ಬಿಚ್ಚುತ್ತಾರೆ.

ಮೊದಲ ಶನಿವಾರ ಸೃಜನ್ ಒಂದು ಮಾತು ಹೇಳಿದ್ದ. “ನಿಖಿತಾ ಡ್ರಮ್ಸಿಗೆ ಕೂರಲಿ. ನೀನು ಮುಂದೆ ನಿಂತು ಹಾಡು. ನಿನ್ನ ಮುಖ ಒಮ್ಮೆ ಜನ ಸರಿಯಾಗಿ ನೋಡಲಿ.”

ಶಿವದೇವಿ ಒಪ್ಪಿದಳು. ಜೀವನದಲ್ಲಿ ಮೊದಲ ಸಲ ಮುಂದೆ ಏನೂ ಇಲ್ಲದೆ, ಬರೀ ಮೈಕಿನ ಎದುರು ನಿಂತಳು. ಹಾಡು ಶುರುವಾಯಿತು, ದನಿಯೂ ಬಂತು. ಕೈಗಳನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಜೋತು ಬಿಟ್ಟಳು, ಸೊಂಟಕ್ಕೆ ಇಟ್ಟಳು, ಮೈಕಿನ ಕಂಬ ಹಿಡಿದಳು. ಬಟ್ಟೆ ಬಿಚ್ಚಿ ನಿಂತಂತೆ ಹಿಂಸೆ. ಹಿಂದಿನಿಂದ ನಿಖಿತಾಳ ಏಟು ಬಂದಾಗಲೆಲ್ಲ ಬೆನ್ನು ತುರಿಸಿದಂತಾಗುತ್ತಿತ್ತು. ಹಾಡು ಮುಗಿದು ಚಪ್ಪಾಳೆ ಬಿದ್ದಾಗ ಅವಳು ಹಲ್ಲು ಕಚ್ಚಿಕೊಂಡು ನಿಂತಿದ್ದಳು.

“ಥೂ, ಇದು ನನಗಾಗಂಗಿಲ್ಲ,” ಅಂದಳು ಮೈಕಿನಲ್ಲೇ. ಜನ ನಕ್ಕರು. ಅವಳು ನಗಲಿಲ್ಲ. ಹಿಂದೆ ಹೋಗಿ ಒಂದು ಸ್ನೇರ್ ಡ್ರಮ್ಮನ್ನು ದರದರ ಎಳೆದು ತಂದು ಮೈಕಿನ ಮುಂದೆ ನಿಲ್ಲಿಸಿದಳು, ಎತ್ತರ ಸರಿಮಾಡಿದಳು, ಎರಡು ಕೋಲು ತೆಗೆದುಕೊಂಡಳು. ತಿರುಗಿ ನಿಖಿತಾಳ ಕಡೆ ನೋಡಿ ಗದ್ದ ಎತ್ತಿದಳು. ಇಬ್ಬರೂ ಒಟ್ಟಿಗೆ ಮೊದಲ ಏಟು ಹಾಕಿದರು.